ತಿದ್ದಿದಷ್ಟೂ ಗಟ್ಟಿಯಾಗುವ ಕತೆ

ಮನೆತನದ ಕತೆ ಬರೆಯುವವರ ಕರಡುಗಳನ್ನು ಓದಿಕೊಡುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ನಾನೂ ಅದನ್ನೇ ಬರೆಯುತ್ತಿರುವುದರಿಂದ ಆಗಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಹೀಗೇ ಒಂದು ಸಲ ದೊಡ್ಡಪ್ಪನ ಮಗಳು, ಅಂದರೆ ನನ್ನ ಅಕ್ಕ, ತಾತನ ಬಗ್ಗೆ ಬರೆದ ಅಧ್ಯಾಯ ಕಳಿಸಿದಳು. ಹೊಸ ಕರಡಿನ ಜೊತೆ ಹಳೆಯವೂ ಅದೇ ಫೋಲ್ಡರ್‌ನಲ್ಲಿ ಬಂದುಬಿಟ್ಟಿದ್ದವು. ಸುಮ್ನೆ ಕುತೂಹಲಕ್ಕೆ ಅಕ್ಕಪಕ್ಕ ತೆರೆದಿಟ್ಟು ಓದಿದೆ. ಮೊದಲ ಕರಡಿನಲ್ಲಿ ಹೀಗಿತ್ತು: "ತಾತ ಹದಿನಾರನೇ ವಯಸ್ಸಿಗೆ ಮನೆ ಬಿಟ್ಟಿದ್ದರಂತೆ. ಅವರಪ್ಪನ ಜೊತೆ ಏನೋ ಜಗಳ ಆಗಿತ್ತು ಅಂತ ಅತ್ತೆ ಹೇಳುತ್ತಾರೆ." ಅದರ ಮುಂದಿನದರಲ್ಲಿ: "ಅಪ್ಪನ ಜೊತೆ ಜಗಳವಾಗಿ ತಾತ ಹದಿನಾರಕ್ಕೇ ಮನೆ ಬಿಟ್ಟರು." ಕೊನೆಯದರಲ್ಲಿ: "ಆ ರಾತ್ರಿ ಅಪ್ಪ ಮಗನ ನಡುವೆ ಮಾತಿಗೆ ಮಾತು ಬೆಳೆಯಿತು. ಬೆಳಕು ಹರಿಯುವ ಮುಂಚೆ ಹದಿನಾರರ ಹುಡುಗ ಬಾಗಿಲು ತೆಗೆದು ಹೊರಟ."

ಓದಲು ಕೊನೆಯದೇ ಚೆನ್ನ. ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲ ಕರಡಿಗೂ ಕೊನೆಯದಕ್ಕೂ ನಡುವೆ ಹೊಸ ಕಾಗದ ಒಂದೂ ಸಿಕ್ಕಿರಲಿಲ್ಲ. ಯಾರನ್ನೂ ಹೊಸದಾಗಿ ಕೇಳಿರಲಿಲ್ಲ. ಫೋನ್ ಮಾಡಿ, "ರಾತ್ರಿ ಅಂತ ಯಾರು ಹೇಳಿದ್ದು ಅಕ್ಕಾ?" ಅಂದೆ. "ಮನೆ ಬಿಟ್ಟು ಹೋಗೋರು ಹಗಲು ಹೊತ್ತು ಹೇಳಿ ಹೋಗ್ತಾರೇನೋ?" ಅಂತ ನಕ್ಕಳು. ಅದೂ ಒಂದು ಮಾತೇ. ಆದರೆ ಆ ರಾತ್ರಿ ಅವಳ ತರ್ಕದಿಂದ ಹುಟ್ಟಿದ್ದು, ತಾತನ ಬದುಕಿನಿಂದ ಬಂದದ್ದಲ್ಲ.

ಅಂದಿನಿಂದ ಇದೊಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಕರಡು ತಿದ್ದುವುದು ಅಂದರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಉದ್ದ ವಾಕ್ಯ ಕಡಿಮೆ ಮಾಡುತ್ತೇವೆ. ತಡವರಿಸುವ ಮಾತು ತೆಗೆಯುತ್ತೇವೆ. "ಇರಬಹುದು", "ಅಂತೆ", "ಬಹುಶಃ", "ಅಂತ ಕೇಳಿದ್ದೇನೆ" ಇವೆಲ್ಲ ಓಟಕ್ಕೆ ಅಡ್ಡ ಬರುತ್ತವೆ, ಹಾಗಾಗಿ ಮೊದಲು ಅವಕ್ಕೇ ಕತ್ತರಿ. ಬೇರೆ ಬರವಣಿಗೆಯಲ್ಲಿ ಇದು ಒಳ್ಳೆಯ ಅಭ್ಯಾಸವೇ. ಮನೆತನದ ಕತೆಯಲ್ಲಿ ಮಾತ್ರ ಆ ತಡವರಿಕೆಯೇ ಪುರಾವೆಯ ಲೆಕ್ಕ. ಅದನ್ನು ಕಿತ್ತರೆ ವಾಕ್ಯ ಚೆಂದವಾಗುತ್ತದೆ, ಜೊತೆಗೆ ಯಾರಿಗೂ ಗೊತ್ತಿಲ್ಲದ ಸಂಗತಿ ಎಲ್ಲರಿಗೂ ಗೊತ್ತಿರುವ ಸಂಗತಿಯಾಗುತ್ತದೆ. ಇದನ್ನು ಯಾರೂ ಬೇಕಂತ ಮಾಡುವುದಿಲ್ಲ. ಕೈ ತಾನಾಗೇ ಮಾಡುತ್ತದೆ. ಹತ್ತು ವರ್ಷ ಬಿಟ್ಟು ಮನೆಯ ಮಕ್ಕಳು ಓದಿದಾಗ, ಆ ರಾತ್ರಿ ಬಾಗಿಲು ತೆಗೆದು ಹೊರಟ ಹುಡುಗನೇ ತಾತ. ಕೇಳೋಣವೆಂದರೆ ಆ ಹೊತ್ತಿಗೆ ಅತ್ತೆಯೂ ಇರುವುದಿಲ್ಲ.

ಸಂಶೋಧನೆಯನ್ನು ಒಪ್ಪವಾಗಿ ಇಟ್ಟುಕೊಳ್ಳುವುದು, ಕರಡು ತಿದ್ದುವುದು ಇವೆರಡೂ ಬೇರೆ ಬೇರೆ ಕೆಲಸ ಅಂತ ಜನ ಮಾತಾಡುತ್ತಾರೆ. ಮೊದಲು ಅದು, ಆಮೇಲೆ ಇದು ಅಂತ. ನನಗೆ ಹಾಗನ್ನಿಸುವುದಿಲ್ಲ. ಕಾಗದ ಒಪ್ಪವಾಗಿ ಇಟ್ಟುಕೊಳ್ಳುವುದೇ ತಿದ್ದುವ ಹೊತ್ತಿನಲ್ಲಿ ನಮ್ಮ ಕೈ ಹಿಡಿಯುವುದಕ್ಕೆ.

ಕಟ್ಟು ಬಿಚ್ಚುವ ಮುಂಚೆ

ಹಳೆಯ ಪೆಟ್ಟಿಗೆ ಕೈಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಆತುರ. ಕಾಗದಗಳನ್ನೆಲ್ಲ ಹರವಿ, ತಾತನದ್ದು ಒಂದು ಕಡೆ, ಅಜ್ಜಿಯದ್ದು ಒಂದು ಕಡೆ, ಫೋಟೋ ಒಂದು ಕಡೆ ಅಂತ ವಿಂಗಡಿಸಿಬಿಡಬೇಕು. ದಯವಿಟ್ಟು ಸ್ವಲ್ಪ ತಾಳಿ. ಅಜ್ಜಿಯ ಪೆಟ್ಟಿಗೆಯಲ್ಲಿ ದಾರ ಕಟ್ಟಿದ್ದ ಒಂದು ಸಣ್ಣ ಕಟ್ಟಿತ್ತು. ಮೇಲೆ ಒಬ್ಬ ಮಗನ ಶಾಲೆಯ ಪ್ರವೇಶದ ರಸೀದಿ, ಕೆಳಗೆ ಒಂದು ಸಾಲದ ಚೀಟಿ, ನಡುವೆ ಯಾವುದೋ ಪೋಸ್ಟ್ ಕಾರ್ಡು. ವ್ಯಕ್ತಿಗೊಂದು ಫೈಲು ಮಾಡುವವರ ಕೈಗೆ ಸಿಕ್ಕಿದ್ದರೆ ರಸೀದಿ ಮಗನ ಫೈಲಿಗೆ ಹೋಗುತ್ತಿತ್ತು, ಚೀಟಿ ತಾತನ ಫೈಲಿಗೆ. ಆಗ ಅವು ಎರಡು ಬಡ ಕಾಗದ, ಅಷ್ಟೆ. ಒಂದೇ ದಾರದಲ್ಲಿ ಇದ್ದದ್ದರಿಂದ ತಾರೀಕು ಹೋಲಿಸಿ ನೋಡಬೇಕು ಅನ್ನಿಸಿತು. ಎರಡೂ ಒಂದೇ ತಿಂಗಳಿನವು. ಸಾಲ ಯಾಕೆ ಮಾಡಿದರು ಅಂತ ಎಲ್ಲೂ ಬರೆದಿಲ್ಲ. ಅಜ್ಜಿ ಕಟ್ಟಿದ ಆ ದಾರ ಹೇಳುತ್ತದೆ. ಹೇಳುತ್ತದೆ ಅನ್ನುವುದೂ ಜಾಸ್ತಿಯಾಯಿತು, ಸುಳಿವು ಕೊಡುತ್ತದೆ.

ಪತ್ರಾಗಾರದವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಬೇರೆ ಬೇರೆ ಕಡೆಯಿಂದ ಬಂದ ದಾಖಲೆಗಳನ್ನು ವಿಷಯ ಒಂದೇ ಅಂತ ಬೆರೆಸಬಾರದು, ಎಲ್ಲಿಂದ ಬಂತೋ ಅದರ ಗುಂಪಿನಲ್ಲೇ ಇಡಬೇಕು ಎಂದು 1841ರಲ್ಲೇ ಫ್ರಾನ್ಸ್ ಸರ್ಕಾರ ತನ್ನ ಪತ್ರಾಗಾರಗಳಿಗೆ ಸುತ್ತೋಲೆ ಕಳಿಸಿತ್ತು. ಇಂದಿಗೂ ಪತ್ರಾಗಾರಗಳು ನಡೆಯುವುದು ಹೆಚ್ಚುಕಡಿಮೆ ಅದೇ ತತ್ವದ ಮೇಲೆ. ನಮ್ಮ ಒಂದು ಪೆಟ್ಟಿಗೆಗೆ ಅಷ್ಟೆಲ್ಲ ಯಾಕೆ ಅನ್ನಬೇಡಿ. ಕಟ್ಟು ಬಿಚ್ಚುವ ಮುಂಚೆ ಇದ್ದ ಹಾಗೇ ಒಂದು ಫೋಟೋ ತೆಗೆಯಿರಿ. ಬಿಚ್ಚುತ್ತಾ ಹೋದ ಹಾಗೆ ಮೇಲಿನಿಂದ ಕೆಳಗೆ ಒಂದು, ಎರಡು, ಮೂರು ಅಂತ ಮೆತ್ತನೆಯ ಪೆನ್ಸಿಲ್‌ನಲ್ಲಿ ಹಿಂಬದಿಗೆ ನಂಬರು ಬರೆಯಿರಿ. ಪೆನ್ನು ಬೇಡ, ಶಾಯಿ ಹರಡುತ್ತದೆ. ಸ್ಕ್ಯಾನ್ ಮಾಡುವಾಗ ಫೋಟೋದ ಹಿಂಬದಿಯನ್ನೂ ಮಾಡಿ. ಎಷ್ಟೋ ಸಲ ಮುಂಬದಿಗಿಂತ ಅದೇ ಮುಖ್ಯ. ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡು ಮಾತ್ರ ತೆಗೆದುಬಿಡಿ, ಅವು ಕಾಗದವನ್ನು ತಿನ್ನುತ್ತವೆ.

ಕಂಪ್ಯೂಟರಿನಲ್ಲಿ ಫೈಲಿಗೆ ಹೆಸರಿಡುವಾಗ ನನ್ನ ಪದ್ಧತಿ ತೀರಾ ಸರಳ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಯಾರ ಪೆಟ್ಟಿಗೆಯಿಂದ ಬಂತು, ಕೊನೆಗೆ ಅದು ಏನು. ತಿಂಗಳು ಗೊತ್ತಿಲ್ಲದಿದ್ದರೆ ಅಲ್ಲಿ ಸೊನ್ನೆ. ಹೀಗಿಟ್ಟರೆ ಫೈಲುಗಳು ತಾವಾಗೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಕಾಗದಗಳು ಬಂದ ಗುಂಪಿನಲ್ಲೇ ಇರಲಿ. ನನ್ನ ಟಿಪ್ಪಣಿಗಳು ಮಾತ್ರ ಪ್ರಶ್ನೆಯ ಪ್ರಕಾರ ಇರುತ್ತವೆ. ಒಂದು ಪತ್ರದಲ್ಲಿ ನಾಲ್ಕು ಜನರ ವಿಷಯ ಇರುತ್ತದೆ, ಅದನ್ನು ಯಾರ ಫೈಲಿಗೆ ಹಾಕುವುದು ಅಂತ ಒದ್ದಾಡುವುದಕ್ಕಿಂತ "ತಾತ ಮನೆ ಬಿಟ್ಟದ್ದು ಯಾವಾಗ?", "ಮನೆ ಮಾರಿದ್ದು ಯಾಕೆ?" ಅಂತ ಪ್ರಶ್ನೆಗೊಂದು ಹಾಳೆ ಇಡುವುದು ಸುಲಭ. ಆ ಹಾಳೆಯಲ್ಲಿ ಸಿಕ್ಕಿದ್ದನ್ನು ಬರೆಯುವ ಹಾಗೆಯೇ ಹುಡುಕಿ ಸಿಗದೇ ಹೋದದ್ದನ್ನೂ ಬರೆಯುತ್ತೇನೆ. ಇಂಥ ದಾಖಲೆ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ನೋಡಿದೆ, ಹೆಸರಿಲ್ಲ. ಇದನ್ನು ಬರೆದಿಡದಿದ್ದರೆ ಎರಡು ವರ್ಷ ಬಿಟ್ಟು ಅದೇ ದಾಖಲೆಯನ್ನು ಮತ್ತೆ ಹುಡುಕುತ್ತಾ ಕೂರುತ್ತೇವೆ. ಇನ್ನೂ ಕೆಟ್ಟದ್ದೆಂದರೆ, ಹುಡುಕಿಯೇ ಇಲ್ಲದ್ದನ್ನು ಹುಡುಕಿದ್ದೇವೆ, ಸಿಗಲಿಲ್ಲ ಅಂದುಕೊಂಡು ಕರಡಿನಲ್ಲಿ "ದಾಖಲೆ ಇಲ್ಲ" ಅಂತ ಬರೆದುಬಿಡುತ್ತೇವೆ.

ನಂಬರು ಸಿಗದವರು

ಮನೆತನದಲ್ಲಿ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ, ಮತ್ತೆ ಅವನ ಮೊಮ್ಮಗನಿಗೆ. ಕರಡಿನ ಐದನೇ ಪುಟಕ್ಕೆ ಬರುವಷ್ಟರಲ್ಲಿ ಬರೆಯುವವನಿಗೇ ಯಾರು ಯಾರು ಅಂತ ಗೋಜಲು. ಇದಕ್ಕೆ ಯುರೋಪಿನಲ್ಲಿ ಒಂದು ಹಳೆಯ ಉಪಾಯವಿದೆ. ನೀವು 1. ಅಪ್ಪ 2, ಅಮ್ಮ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅವರ ಅಮ್ಮ. 13 ಯಾರು ಅಂದರೆ 6ರ ಅಮ್ಮ, ಅಂದರೆ ಅಮ್ಮನ ಅಪ್ಪನ ಅಮ್ಮ. ಮೈಕೆಲ್ ಐಟ್ಸಿಂಗರ್ ಎಂಬಾತ 1590ರಲ್ಲೇ ಇದನ್ನು ಅಚ್ಚು ಹಾಕಿಸಿದ್ದ. 1676ರಲ್ಲಿ ಸ್ಪೇನಿನ ಹೆರೋನಿಮೊ ದೆ ಸೋಸಾ ಬಳಸಿದ. 1898ರಲ್ಲಿ ಜರ್ಮನಿಯ ಸ್ಟೀಫನ್ ಕೆಕುಲೆ ಮತ್ತೆ ಪ್ರಚಾರಕ್ಕೆ ತಂದ. (ಬೆಂಜೀನಿನ ರಚನೆ ಕಂಡುಹಿಡಿದ ರಸಾಯನ ವಿಜ್ಞಾನಿ ಆಗಸ್ಟ್ ಕೆಕುಲೆಯ ಮಗನೇ ಈತ. ಅಪ್ಪ ಅಣುಗಳನ್ನು ಜೋಡಿಸಿದ, ಮಗ ಅಪ್ಪಂದಿರನ್ನು.)

ಟಿಪ್ಪಣಿ ಹಾಳೆಗಳ ಮೂಲೆಯಲ್ಲಿ ನಾನು ಈ ನಂಬರನ್ನೇ ಹಾಕುತ್ತೇನೆ. ಒಂದೇ ಹೆಸರಿನವರು ಎಷ್ಟೇ ಬರಲಿ, 4 ಯಾರು, 16 ಯಾರು ಅನ್ನುವುದು ಕಲಸಿಹೋಗುವುದಿಲ್ಲ. ಆದರೆ ಬಳಸುತ್ತಾ ಹೋದ ಹಾಗೆ ಇದರ ಒಂದು ಗುಣ ಕಣ್ಣಿಗೆ ಬಿತ್ತು. ಇದರಲ್ಲಿ ನೇರ ಅಪ್ಪ ಅಮ್ಮಂದಿರಿಗೆ ಮಾತ್ರ ಜಾಗ. ಮದುವೆಯಾಗದೆ ಉಳಿದ ದೊಡ್ಡಮ್ಮನಿಗೆ ನಂಬರಿಲ್ಲ. ಚಿಕ್ಕಂದಿನಲ್ಲೇ ತೀರಿಹೋದ ಮಗುವಿಗೆ ನಂಬರಿಲ್ಲ. ಮನೆಯವರನ್ನೆಲ್ಲ ಸಾಕಿದ ಸೋದರಮಾವನಿಗೂ ಇಲ್ಲ. ನೋಡಿದರೆ ಮನೆಯಲ್ಲಿ ಜನ ಹೇಳುವ ಕತೆಗಳೆಲ್ಲ ಹೆಚ್ಚಾಗಿ ಇವರದ್ದೇ! ಪತ್ರ ಬರೆದವರು, ಬಂದ ಪತ್ರ ಇಟ್ಟುಕೊಂಡವರು, ಯಾರ ಮದುವೆಗೆ ಯಾರು ಬರಲಿಲ್ಲ ಅಂತ ನೆನಪಿಟ್ಟವರು ಎಲ್ಲ ಇವರೇ. ಈಗ ಕರಡು ತಿದ್ದಲು ಕೂತಾಗ ನಾನು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಈ ಅಧ್ಯಾಯದಲ್ಲಿ ನಂಬರಿಲ್ಲದವರು ಎಷ್ಟು ಜನ ಮಾತಾಡುತ್ತಿದ್ದಾರೆ ಅಂತ ನೋಡುವುದು. ಒಬ್ಬರೂ ಇಲ್ಲ ಅಂದರೆ ಅದು ಬರೀ ವಂಶಾವಳಿಗೆ ಬಟ್ಟೆ ತೊಡಿಸಿದ ಹಾಗೆ.

ಒಂದೇ ಕಾಗದ, ಎರಡು ಬೆಲೆ

ದಾಖಲೆ ಸಿಕ್ಕಿತು ಅಂದರೆ ಮುಗಿಯಿತು ಅನ್ನುವವರಿದ್ದಾರೆ. ಸರ್ಕಾರದ ಸೀಲು ಇದೆಯಲ್ಲ! ಆದರೆ ಒಂದು ಮರಣಪತ್ರವನ್ನು ಹತ್ತಿರದಿಂದ ನೋಡಿ. ಸತ್ತ ದಿನ, ಜಾಗ ಬರೆಸಿದವರು ಆ ದಿನ ಅಲ್ಲೇ ಇದ್ದವರು. ಅದನ್ನು ನಂಬಬಹುದು. ಅದೇ ಕಾಗದದಲ್ಲಿ ಹುಟ್ಟಿದ ವರ್ಷವೂ ಇದೆ. ಅದನ್ನು ಬರೆಸಿದವನು ಮಗ. ಅಪ್ಪ ಹುಟ್ಟಿದಾಗ ಮಗ ಎಲ್ಲಿದ್ದ? ಮನೆಯಲ್ಲಿ ಕೇಳಿದ್ದನ್ನು, ದುಃಖದ ಹೊತ್ತಿನಲ್ಲಿ, ಗುಮಾಸ್ತರು ಕೇಳಿದರು ಅಂತ ಹೇಳಿದ್ದಾನೆ. ಒಂದೇ ಕಾಗದ, ಒಂದೇ ಸೀಲು, ಒಂದು ಸಾಲಿಗೆ ಒಂದು ಬೆಲೆ, ಇನ್ನೊಂದು ಸಾಲಿಗೆ ಇನ್ನೊಂದು. ಹಾಗಾಗಿ ಟಿಪ್ಪಣಿಯಲ್ಲಿ "ಮರಣಪತ್ರದ ಪ್ರಕಾರ" ಅಂತ ಬರೆದರೆ ಸಾಲದು. ಹೇಳಿದವರು ಯಾರು, ಘಟನೆ ನಡೆದು ಎಷ್ಟು ಕಾಲವಾದ ಮೇಲೆ ಹೇಳಿದ್ದು, ಇವೆರಡೂ ಬೇಕು.

ವಯಸ್ಸಿನ ವಿಷಯವಂತೂ ಕೇಳಲೇಬೇಡಿ. ಹಳೆಯ ಪಟ್ಟಿಗಳಲ್ಲಿ ಎಲ್ಲರೂ ಮೂವತ್ತು, ನಲವತ್ತು, ನಲವತ್ತೈದು. ಮೂವತ್ತೇಳರವರು ಯಾರೂ ಇಲ್ಲವೇನೋ ಅನ್ನಿಸುತ್ತದೆ. ಸರಿಯಾದ ವಯಸ್ಸು ಗೊತ್ತಿಲ್ಲದವರು ದುಂಡಗಿನ ಅಂಕಿ ಹೇಳುತ್ತಾರೆ. ಇದು ಎಷ್ಟು ಸಾಮಾನ್ಯವೆಂದರೆ, ಅದನ್ನು ಅಳೆಯುವುದಕ್ಕೇ ಜನಸಂಖ್ಯಾ ತಜ್ಞರ ಬಳಿ ವಿಪ್ಪಲ್ ಸೂಚ್ಯಂಕ ಅನ್ನುವುದಿದೆ. 23ರಿಂದ 62 ವಯಸ್ಸಿನವರಲ್ಲಿ ಎಷ್ಟು ಜನ 0 ಅಥವಾ 5ರಲ್ಲಿ ಮುಗಿಯುವ ವಯಸ್ಸು ಹೇಳಿದ್ದಾರೆ ಎಂದು ಅದು ಲೆಕ್ಕ ಹಾಕುತ್ತದೆ. 100 ಬಂದರೆ ಇಂಥ ಒಲವೇನೂ ಇಲ್ಲ, 500 ಬಂದರೆ ಎಲ್ಲರೂ ದುಂಡು ಅಂಕಿಯವರೇ. "40" ಅಂತ ಕಂಡಾಗ ವರ್ಷ ಕಳೆದು ಹುಟ್ಟಿದ ಇಸವಿ ಬರೆದುಬಿಡುವ ಮುಂಚೆ ಇದು ನೆನಪಿರಲಿ.

ತಾರೀಕೂ ಅಷ್ಟೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಅಲ್ಲಿನ ಕ್ಯಾಲೆಂಡರಿನ ಪ್ರಕಾರ ಅದು 1731ರ ಫೆಬ್ರವರಿ 11. ಈಗ ಎಲ್ಲರೂ ಹೇಳುವುದು 1732ರ ಫೆಬ್ರವರಿ 22. ಎರಡೂ ಸರಿ. ಆಗ ಬ್ರಿಟಿಷ್ ಆಡಳಿತದಲ್ಲಿ ಕಾನೂನಿನ ಲೆಕ್ಕಕ್ಕೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಲ್ಲಿ ಹಳೆಯದನ್ನು ಬಿಟ್ಟು ಈಗಿನ ಕ್ಯಾಲೆಂಡರಿಗೆ ಬದಲಾಯಿಸಿದಾಗ ಸೆಪ್ಟೆಂಬರ್ 2ರ ಮರುದಿನ 14 ಬಂತು. ರಷ್ಯಾದಲ್ಲಿ ಇದೇ ಬದಲಾವಣೆ ಆದದ್ದು 1918ರಲ್ಲಿ, ಜನವರಿ 31ರ ಮರುದಿನ ಫೆಬ್ರವರಿ 14. ಹೀಗಾಗಿ ಕಾಗದದಲ್ಲಿ ಹೇಗಿದೆಯೋ ಹಾಗೇ ಬರೆದಿಟ್ಟು, ನಮ್ಮ ಲೆಕ್ಕವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಟಿಪ್ಪಣಿಯಲ್ಲೇ "ಸರಿಪಡಿಸಿ" ಬರೆದುಬಿಟ್ಟರೆ ಮುಂದೆ ಯಾವುದು ಕಾಗದದ್ದು, ಯಾವುದು ನಮ್ಮದು ಅಂತ ನಮಗೇ ತಿಳಿಯುವುದಿಲ್ಲ.

ಇವನ್ನೆಲ್ಲ ಒಂದೇ ಉದ್ದದ ಪಟ್ಟಿಗೆ ಹಾಕಬೇಕು. ವರ್ಷ, ಏನಾಯಿತು, ಆಗ ಅವರಿಗೆ ಎಷ್ಟು ವಯಸ್ಸು, ಯಾವ ಕಾಗದ. ಈ ವಯಸ್ಸಿನ ಕಾಲಂ ತುಂಬಾ ಕೆಲಸಕ್ಕೆ ಬರುತ್ತದೆ. ಹನ್ನೊಂದರ ತಾಯಿ, ಸತ್ತು ಎರಡು ವರ್ಷವಾದ ಮೇಲೆ ಸಹಿ ಹಾಕಿದ ಅಜ್ಜ, ಅಣ್ಣ ಹುಟ್ಟಿದ ನಾಲ್ಕೇ ತಿಂಗಳಿಗೆ ಹುಟ್ಟಿದ ತಮ್ಮ, ಎಲ್ಲರೂ ಅಲ್ಲಿ ಸಿಕ್ಕಿಬೀಳುತ್ತಾರೆ.

ಅತ್ತೆಗೆ ಓದಿ ಹೇಳಿದ್ದು

ಮನೆ ಮಾರಿದ ಪ್ರಸಂಗದ ಕರಡನ್ನು ಅತ್ತೆಗೆ ಓದಿ ಹೇಳಿದೆ. ದೊಡ್ಡಪ್ಪನೂ ಅಲ್ಲೇ ಕೂತಿದ್ದರು. ಅವರು ಹಿಂದೆ ಹೇಳಿದ್ದನ್ನೇ ಬರೆದಿದ್ದೆ: ತಾತ ತೀರಿಕೊಂಡ ಮೇಲೆ ಸಾಲಗಾರರ ಕಾಟ ತಾಳಲಾರದೆ ಅಜ್ಜಿ ಮನೆ ಮಾರಿದ್ದು, ಬೀಗದ ಕೈ ಕೊಡುವಾಗ ಅತ್ತದ್ದು. ಅತ್ತೆ ತಲೆ ಅಲ್ಲಾಡಿಸುತ್ತಾ ಕೇಳಿದರು. "ಚೆನ್ನಾಗಿದೆ" ಅಂದರು, ಅಷ್ಟೆ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಎದ್ದು ಒಳಗೆ ಹೋದರು. ಅತ್ತೆ ದನಿ ತಗ್ಗಿಸಿ, "ಅಮ್ಮ ಅವತ್ತು ಅಳಲಿಲ್ಲ ಕಣೋ. ಅಮ್ಮ ಯಾವತ್ತೂ ಯಾರ ಮುಂದೆಯೂ ಅತ್ತವಳಲ್ಲ. ಅತ್ತದ್ದು ಇವನು" ಅಂದರು. ಬಾಗಿಲ ಕಡೆ ಗದ್ದ ತೋರಿಸಿ.

ಅಂದು ಟಿಪ್ಪಣಿ ಬರೆಯುವಾಗ ಅತ್ತೆ ಏನು ಹೇಳಿದರು ಅನ್ನುವುದರ ಜೊತೆಗೆ, ಹೇಳುವಾಗ ಯಾರಿದ್ದರು, ಯಾರಿರಲಿಲ್ಲ ಅನ್ನುವುದನ್ನೂ ಬರೆದೆ. ಸಂದರ್ಶನದ ಟಿಪ್ಪಣಿಗಳಲ್ಲಿ ಜನ ಬಿಟ್ಟುಬಿಡುವುದು ಇದನ್ನೇ. ಅಣ್ಣನ ಮುಂದೆ ತಂಗಿ ಹೇಳುವ ಕತೆ ಬೇರೆ, ಅಣ್ಣ ಇಲ್ಲದಾಗ ಹೇಳುವುದು ಬೇರೆ. ಎರಡರಲ್ಲಿ ಒಂದು ಸುಳ್ಳು ಅಂತಲ್ಲ. ಕೇಳುವವರು ಬದಲಾದರೆ ಕತೆಯೂ ಜರುಗಿ ಕೂರುತ್ತದೆ.

ಆದರೆ ಆ ಪ್ರಸಂಗದಲ್ಲಿ ಇದಕ್ಕಿಂತ ದೊಡ್ಡದೊಂದಿತ್ತು. ಕ್ರಯಪತ್ರದ ನಕಲು ಸಿಕ್ಕಿದಾಗ ನೋಡಿದರೆ ಮಾರಿದವರ ಸಹಿ ತಾತನದು. ತಾರೀಕು, ಅವರು ತೀರಿಕೊಳ್ಳುವ ಮುಂಚಿನದು. ಅಂದರೆ ಮನೆ ಮಾರಿದ್ದು ಅವರೇ, ಬದುಕಿದ್ದಾಗಲೇ. ದೊಡ್ಡಪ್ಪ, ಅತ್ತೆ ಇಬ್ಬರೂ ಬೇರೆ ಬೇರೆಯಾಗಿ ಕೇಳಿದಾಗಲೂ "ಅಪ್ಪ ಹೋದ ಮೇಲೆ" ಅಂತಲೇ ಹೇಳಿದ್ದರು. ಆಗ ಇಬ್ಬರೂ ಚಿಕ್ಕ ಮಕ್ಕಳೇನಲ್ಲ.

ಇಂಥದ್ದು ಕಂಡಾಗ ಮೊದಲು ಬರುವ ಯೋಚನೆ, ವಯಸ್ಸಾಗಿದೆ, ಮರೆತಿದ್ದಾರೆ, ಕಾಗದದಲ್ಲಿ ಇದ್ದ ಹಾಗೆ ತಿದ್ದಿಬಿಡೋಣ ಅನ್ನುವುದು. ನನ್ನ ಕೈ ತಡೆದದ್ದು ಇಟಲಿಯ ಒಂದು ಸಂಗತಿ. ತೆರ್ನಿ ಅನ್ನುವ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರ ಜೊತೆಗಿನ ಘರ್ಷಣೆಯಲ್ಲಿ ಸತ್ತದ್ದು 1949ರ ಮಾರ್ಚ್ 17ರಂದು. ಇಟಲಿ ನ್ಯಾಟೋ ಸೇರುವುದನ್ನು ವಿರೋಧಿಸಿ ನಡೆದ ಪ್ರತಿಭಟನೆ ಅದು. ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸುವ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಷ್ಟೋ ವರ್ಷ ಬಿಟ್ಟು ಆ ಊರಿನವರನ್ನು ಮಾತಾಡಿಸಿದಾಗ, ಬಹಳ ಜನ ಅವನು ಸತ್ತದ್ದು 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗ ನಡೆದ ಗಲಾಟೆಯಲ್ಲಿ ಅಂತ ಹೇಳಿದರು. ಪೋರ್ತೆಲ್ಲಿ ಇದನ್ನು ಬರೀ ತಪ್ಪು ಅಂತ ಬದಿಗಿಡಲಿಲ್ಲ. ಊರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಕೆಲಸ ಹೋದಾಗ. ಅಷ್ಟು ದೊಡ್ಡ ಸಾವು ಅಷ್ಟೇ ದೊಡ್ಡ ಕಾರಣಕ್ಕೆ ಆಗಿರಬೇಕು ಅಂತ ನೆನಪು ಅದನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ದಿತ್ತು.

ಅಪ್ಪನೇ ಮನೆ ಮಾರಿದ ಅನ್ನುವುದನ್ನು ಒಪ್ಪುವುದಕ್ಕಿಂತ, ಅಪ್ಪ ಹೋದ ಮೇಲೆ ಬೇರೆ ದಾರಿ ಇಲ್ಲದೆ ಮಾರಬೇಕಾಯಿತು ಅನ್ನುವುದು ಮಕ್ಕಳಿಗೆ ಹಗುರ, ಅಲ್ವಾ? ಇದು ನನ್ನ ಊಹೆ, ಅಷ್ಟೆ. ಕರಡಿನಲ್ಲೂ ಊಹೆ ಅಂತಲೇ ಬರೆದಿದ್ದೇನೆ. ಕ್ರಯಪತ್ರ ಏನು ಹೇಳುತ್ತದೆ, ಇಬ್ಬರು ಮಕ್ಕಳು ಏನು ಹೇಳುತ್ತಾರೆ, ಎರಡೂ ಪುಟದ ಮೇಲೆ ಅಕ್ಕಪಕ್ಕ ಇವೆ. ತಿದ್ದುವುದಕ್ಕೆ ಮುಂಚೆ ಆ ಅಧ್ಯಾಯ ಒಂದು ಮನೆ ಮಾರಿದ ಕತೆಯಾಗಿತ್ತು. ಈಗ ಅದು ಇಬ್ಬರು ಮಕ್ಕಳು ತಮ್ಮ ಅಪ್ಪನನ್ನು ಹೇಗೆ ಕಾಪಾಡಿಕೊಂಡರು ಅನ್ನುವ ಕತೆ. ಕಾಗದ ಸಿಕ್ಕಿದ್ದರಿಂದ ಬಾಯಿಮಾತು ಸುಳ್ಳಾಯಿತು ಅಂತ ಒಂದನ್ನು ಎಸೆದಿದ್ದರೆ ಇದು ಸಿಗುತ್ತಿರಲಿಲ್ಲ.

ಹಾಗಂತ ಎಲ್ಲ ಬಾಯಿಮಾತಿಗೂ ಇಷ್ಟು ಮರ್ಯಾದೆ ಕೊಡಬೇಕಿಲ್ಲ. ಕೆಲವು ಕತೆಗಳು ಎಲ್ಲ ಮನೆಗಳಲ್ಲೂ ಇರುತ್ತವೆ. ಅಮೆರಿಕಕ್ಕೆ ವಲಸೆ ಹೋದವರ ಮನೆಗಳಲ್ಲಿ "ಎಲ್ಲಿಸ್ ದ್ವೀಪದ ಅಧಿಕಾರಿ ನಮ್ಮ ಅಜ್ಜನ ಹೆಸರನ್ನೇ ಬದಲಾಯಿಸಿಬಿಟ್ಟ" ಅನ್ನುವುದು ಹೀಗೇ. ವಲಸೆ ಬಂದವರನ್ನು ತಪಾಸಣೆ ಮಾಡಲು ನ್ಯೂಯಾರ್ಕ್ ಬಂದರಿನಲ್ಲಿ 1892ರಲ್ಲಿ ತೆರೆದ ಆ ಠಾಣೆಯ ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗಿನವರು ಹೊರಡುವ ಬಂದರಿನಲ್ಲೇ ಮಾಡಿ ತಂದ ಪಟ್ಟಿಯನ್ನು ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ಹೆಸರು ಬದಲಾಯಿಸಿಕೊಂಡದ್ದು ಹೆಚ್ಚಾಗಿ ಆಮೇಲೆ, ಅಜ್ಜಂದಿರೇ. "ಮೂವರು ಅಣ್ಣತಮ್ಮಂದಿರು ಬಂದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು" ಅನ್ನುವುದು ಇನ್ನೊಂದು. ನಿಮ್ಮ ಕರಡಿನಲ್ಲಿ ಇರುವ ಕತೆ ಪಕ್ಕದ ಮನೆಯವರ ಕರಡಿನಲ್ಲೂ ಇದ್ದರೆ ಸ್ವಲ್ಪ ಹುಷಾರಾಗಿರಿ.

ಕತ್ತರಿ ಎಲ್ಲಿ ಹಾಕಬೇಕು

ಈಗ ಬರವಣಿಗೆಗೆ ಬರೋಣ. ನಾನು ಕರಡಿನಲ್ಲಿ ಪ್ರತಿ ಸಂಗತಿಯ ಪಕ್ಕ ಚೌಕ ಬ್ರಾಕೆಟ್‌ನಲ್ಲಿ ಕಾಗದದ ನಂಬರು ಹಾಕುತ್ತೇನೆ. ಬಾಯಿಮಾತಾದರೆ ಹೇಳಿದವರ ಹೆಸರಿನ ಮೊದಲಕ್ಷರ. ಊಹೆಯಾದರೆ ಒಂದು ಪ್ರಶ್ನೆ ಚಿಹ್ನೆ. ನೋಡಲು ಗಲೀಜು, ಓದಲು ಕಷ್ಟ. ಆದರೂ ಕೊನೆಯ ಪ್ರತಿಯವರೆಗೆ ಅವನ್ನು ತೆಗೆಯುವುದಿಲ್ಲ. ವಾಕ್ಯ ಎಷ್ಟೇ ಸಲ ಬದಲಾಗಲಿ, ಬ್ರಾಕೆಟ್ ಅದರ ಜೊತೆಗೇ ಓಡಾಡಬೇಕು. ಎರಡು ವಾಕ್ಯ ಕೂಡಿಸಿ ಒಂದು ಮಾಡುವಾಗಲೇ ಎಡವಟ್ಟಾಗುವುದು: ಕಾಗದದ ಸಂಗತಿಯೂ ಅತ್ತೆಯ ಮಾತೂ ಒಂದೇ ವಾಕ್ಯದಲ್ಲಿ ಬೆಸೆದುಕೊಂಡು ಎರಡಕ್ಕೂ ಕಾಗದದ ಬಲ ಬಂದುಬಿಡುತ್ತದೆ. ಬ್ರಾಕೆಟ್ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಕರಡಿನ ಫೈಲಿಗೆ ತಾರೀಕಿನ ಹೆಸರೇ ಇರಲಿ. "ಫೈನಲ್", "ಹೊಸ ಫೈನಲ್", "ಇದೇ ಫೈನಲ್" ಅಂತ ಇಟ್ಟವರ ಪಾಡು ಇಟ್ಟವರಿಗೇ ಗೊತ್ತು. ಹಳೆಯದನ್ನು ಅಳಿಸಬೇಡಿ. ಮೊದಲನೆಯದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ಮಾತು ಗಟ್ಟಿಯಾಗಿದೆ, ಅಲ್ಲಿ ಪುರಾವೆಯೂ ಗಟ್ಟಿಯಾಗಿದೆಯೇ ಅಂತ ಒಂದು ಸಲ ನೋಡಬೇಕು. ತಿದ್ದುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಓದು ನನಗೆ ಕಂಡಿಲ್ಲ.

ಬರೆಯುವಾಗ ನಡುವೆ ಎದ್ದು ಹುಡುಕಲು ಹೋಗುವ ಚಟ ಬಿಡಬೇಕು. ಗೊತ್ತಿಲ್ಲದ ಕಡೆ ಒಂದು ಗುರುತು ಹಾಕಿ ಮುಂದೆ ಹೋಗಿ. ಕರಡು ಮುಗಿದ ಮೇಲೆ ಆ ಗುರುತುಗಳನ್ನೆಲ್ಲ ಒಟ್ಟು ಮಾಡಿದರೆ ಮುಂದೆ ಏನು ಹುಡುಕಬೇಕು ಅನ್ನುವ ಪಟ್ಟಿ ಸಿದ್ಧ. ಬರೆಯದೇ ಇದ್ದಾಗ ಹೊಳೆಯದ ಪ್ರಶ್ನೆಗಳು ಬರೆಯುವಾಗ ಹೊಳೆಯುತ್ತವೆ. ತಾತ ಹದಿನಾರಕ್ಕೆ ಮನೆ ಬಿಟ್ಟರು ಸರಿ, ಆ ರಾತ್ರಿಯೋ ಹಗಲೋ ಆಮೇಲಿನ ಮಾತು, ಮೊದಲು ಹೋಗಿ ಉಳಿದದ್ದು ಎಲ್ಲಿ? ಊಟಕ್ಕೆ ಏನು ಮಾಡಿದರು? ಇದನ್ನು ವಂಶಾವಳಿಯ ತಖ್ತೆ ಯಾವತ್ತೂ ಕೇಳುವುದಿಲ್ಲ.

ಕೆಲವು ಪ್ರಶ್ನೆಗಳಿಗೆ ಉತ್ತರ ಎಂದೂ ಸಿಗುವುದಿಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ, ನೀರು, ಆಮೇಲಿನ ವಿಲೇವಾರಿ ಎಲ್ಲ ಸೇರಿ ಅಮೆರಿಕದ 1890ರ ಜನಗಣತಿಯಲ್ಲಿ ಉಳಿದದ್ದು ಸುಮಾರು 6 ಸಾವಿರ ಹೆಸರು. ಎಣಿಸಿದ್ದು 6 ಕೋಟಿಗೂ ಜಾಸ್ತಿ ಜನರನ್ನು. 1922ರ ಜೂನ್ ಕೊನೆಯಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಅಂತರ್ಯುದ್ಧದಲ್ಲಿ ಹಾರಿಹೋಯಿತು. 1821ರಿಂದ 1851ರವರೆಗಿನ ಐರ್ಲೆಂಡಿನ ಜನಗಣತಿ ಹಾಳೆಗಳು ಹೆಚ್ಚುಕಡಿಮೆ ಪೂರ್ತಿ ಸುಟ್ಟವು. ಐರಿಷ್ ಮನೆತನಗಳ ಕತೆ ಬರೆಯುವವರು ಅದಕ್ಕೆಂದು ಬರೆಯುವುದನ್ನು ಬಿಟ್ಟಿಲ್ಲ. ತೆರಿಗೆಗಾಗಿ ಮಾಡಿದ ಜಮೀನಿನ ಪಟ್ಟಿ, ಚರ್ಚಿನ ಪುಸ್ತಕ, ಪಕ್ಕದವರ ಕಾಗದ ಹಿಡಿದು ಸುತ್ತಿ ಬರುತ್ತಾರೆ. ಸುತ್ತಿ ಬಂದರೂ ಸಿಗದ ಜಾಗವನ್ನು ಖಾಲಿ ಅಂತಲೇ ತೋರಿಸುತ್ತಾರೆ. 1880ರ ಎಣಿಕೆಯಲ್ಲಿ ಕಂಡ ಒಬ್ಬ ಅಮೆರಿಕನ್ ಹುಡುಗ ಮತ್ತೆ ಕಾಣುವುದು 1900ರಲ್ಲಿ, ಹೆಂಡತಿ ಮಕ್ಕಳೊಂದಿಗೆ. ನಡುವಿನ ಇಪ್ಪತ್ತು ವರ್ಷವನ್ನು "ಬಹುಶಃ" ಅನ್ನುವ ಒಂದು ಉದ್ದದ ಪ್ಯಾರಾದಲ್ಲಿ ತುಂಬಿಸುವುದಕ್ಕಿಂತ, ಇಪ್ಪತ್ತು ವರ್ಷ ಅವನು ನಮಗೆ ಕಾಣುವುದಿಲ್ಲ ಅಂತ ಒಂದೇ ವಾಕ್ಯ ಬರೆಯುವುದು ಎಷ್ಟೋ ಮೇಲು. ಓದುವವರಿಗೆ ಅದು ಬೇಜಾರು ತರುವುದಿಲ್ಲ. ಬೇಜಾರು ತರುವುದು ಪ್ರತಿ ವಾಕ್ಯದಲ್ಲೂ "ಇರಬಹುದು" ಬಂದಾಗ. ಪ್ಯಾರಾದ ಮೊದಲಿಗೇ "ಇದಿಷ್ಟೂ ಅತ್ತೆ ಹೇಳಿದ್ದು" ಅಂದುಬಿಟ್ಟರೆ ಆಮೇಲೆ ಕತೆ ನಿರಾಳವಾಗಿ ಓಡಬಹುದು.

ಇನ್ನು ಕತ್ತರಿ ಬೀಳಲೇಬೇಕಾದದ್ದು ಎಲ್ಲಿ ಅಂದರೆ, ನಾವು ಕಷ್ಟಪಟ್ಟು ಹುಡುಕಿದ್ದರ ಮೇಲೆ. ಕಷ್ಟಪಟ್ಟೆವು ಅನ್ನುವ ಒಂದೇ ಕಾರಣಕ್ಕೆ ಎಷ್ಟು ಸಂಗತಿಗಳು ಕರಡಿನಲ್ಲಿ ಕೂತಿರುತ್ತವೆ! ಸಿಕ್ಕಿದ ಕ್ರಮದಲ್ಲೇ ಬರೆಯುವುದೂ ಅದೇ ರೋಗ. ನಾನು ಪೆಟ್ಟಿಗೆ ತೆಗೆದೆ, ಆ ಕಾಗದ ನೋಡಿದೆ, ಆಮೇಲೆ ಈ ಕಚೇರಿಗೆ ಹೋದೆ ಅಂತ. ಅದು ನಮ್ಮ ಕತೆ, ಅವರದ್ದಲ್ಲ. ಕಿತ್ತದ್ದನ್ನು ಎಸೆಯಲು ಮನಸ್ಸು ಬಾರದಿದ್ದರೆ "ಕಿತ್ತದ್ದು" ಅಂತ ಒಂದು ಫೈಲು ಇಡಿ. ನನ್ನದು ಈಗ ಮೂಲ ಕರಡಿಗಿಂತ ದಪ್ಪವಿದೆ. ಅದರಿಂದ ವಾಪಸ್ ಬಂದದ್ದು ತೀರಾ ಕಡಿಮೆ.

ಬದುಕಿರುವವರ ವಿಷಯ ಬಂದಾಗ ಮಾತ್ರ ಪುರಾವೆಯ ಲೆಕ್ಕ ಸಾಲುವುದಿಲ್ಲ. ನಿಜವಾದದ್ದೆಲ್ಲ ಬರೆಯುವ ಹಕ್ಕು ನಮಗಿದೆ ಅಂತ ನನಗನ್ನಿಸುವುದಿಲ್ಲ. "ಅತ್ತದ್ದು ಇವನು" ಅನ್ನುವ ಸಾಲು ನನ್ನ ಕರಡಿನಲ್ಲಿ ಈಗಲೂ ಬ್ರಾಕೆಟ್‌ನ ಒಳಗೇ ಇದೆ. ದೊಡ್ಡಪ್ಪನಿಗೆ ತೋರಿಸದೆ ಹೊರಗೆ ಬರುವುದಿಲ್ಲ.

ಈ ಸಲದ ಕರಡನ್ನು ಒಂದು ಬದಿ ಖಾಲಿ ಬಿಟ್ಟು ಪ್ರಿಂಟ್ ಮಾಡಿಸಿ, ಮೊದಲ ಪುಟದಲ್ಲಿ ದೊಡ್ಡದಾಗಿ "ಕರಡು" ಅಂತ ಬರೆದು ಮನೆಯವರಿಗೆ ಹಂಚಿದ್ದೇನೆ. ತಪ್ಪಿದ್ದರೆ ಅಲ್ಲೇ ಬರೆದು ಕೊಡಿ ಅಂತ. ಫೋನಿನಲ್ಲಿ "ಎಲ್ಲ ಸರಿ ಇದೆ" ಅನ್ನುವವರು ಪೆನ್ನು ಕೈಗೆ ಬಂದರೆ ಬರೆಯುತ್ತಾರೆ. ಮೊದಲು ವಾಪಸ್ ಬಂದ ಪ್ರತಿ ಚಿಕ್ಕಮ್ಮನದು. ಕತೆಯ ಬಗ್ಗೆ ಒಂದಕ್ಷರ ಇಲ್ಲ. ಒಂದು ಫೋಟೋದ ಕೆಳಗೆ ನಾನು "ಗೊತ್ತಿಲ್ಲದವರು" ಅಂತ ಬರೆದಿದ್ದ ಹೆಂಗಸಿನ ಹೆಸರು ಬರೆದು, ಅವರ ಮಗಳ ಫೋನ್ ನಂಬರು ಕೊಟ್ಟಿದ್ದಾರೆ. ಪಕ್ಕದಲ್ಲಿ, "ಮಧ್ಯಾಹ್ನ ಮಾಡಬೇಡ, ಮಲಗಿರ್ತಾಳೆ." ಇನ್ನೂ ಮಾಡಿಲ್ಲ. ಕೇಳಬೇಕಾದ್ದರ ಪಟ್ಟಿ ಬರೆಯುತ್ತಿದ್ದೇನೆ.